ಪಾಲಿಹೌಸ್‌ನ ಹಿಟ್ಟು ತಿಗಣೆಗೆ ಗುಲಗಂಜಿ ಹುಳು: ಎರಡು ಸಲ ಸೋತು ಮೂರನೇ ಸಲ ಕಲಿತದ್ದು

ಹೋದ ವಾರದ ಲೇಖನ ಓದಿ ಸುಮಾರು ಜನ ಒಂದೇ ಥರದ ಫೋಟೋ ಕಳಿಸಿದ್ದೀರಿ. ಕ್ಯಾಪ್ಸಿಕಂ ಗಿಡದ ಕವಲಿನಲ್ಲಿ, ಕಾಯಿ ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿ ಅಂಟಿಸಿದ ಹಾಗೆ ಕೂತಿರುವ ಹಿಟ್ಟು ತಿಗಣೆ. ಕೆಳಗಿನ ಎಲೆ ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು. "ಏನ್ ಹೊಡೀಲಿ ಸಾರ್?" ಅನ್ನೋದು ಎಲ್ಲರ ಪ್ರಶ್ನೆ. ಈ ವಾರ ಹೊಡೆಯೋದರ ಬಗ್ಗೆ ಹೇಳಲ್ಲ, ಬಿಡೋದರ ಬಗ್ಗೆ ಹೇಳ್ತೀನಿ. ಗುಲಗಂಜಿ ಹುಳು ಬಿಡೋದು.

ಮೊದಲೇ ಹೇಳಿಬಿಡ್ತೀನಿ, ನಾನು ತೋಟಗಾರಿಕೆ ಪದವಿಯಲ್ಲಿ ಜೈವಿಕ ನಿಯಂತ್ರಣದ ಪೇಪರ್‌ನಲ್ಲಿ ಒಳ್ಳೆ ಅಂಕ ತಗೊಂಡವನು. ಆದರೂ ಸ್ವಂತ ಪಾಲಿಹೌಸ್‌ನಲ್ಲಿ ಎರಡು ಸಲ ಸೋತೆ. ಪುಸ್ತಕದಲ್ಲಿ ಹುಳುವಿನ ಜೀವನಚಕ್ರ ಇರುತ್ತೆ. ಮಧ್ಯಾಹ್ನ 12 ಗಂಟೆಗೆ ಡಬ್ಬಿ ಮುಚ್ಚಳ ತೆಗೆದರೆ ಏನಾಗುತ್ತೆ ಅಂತ ಅದರಲ್ಲಿ ಇರಲ್ಲ.

ಯಾವ ಹುಳು ಇದು?

ಇದರ ಹೆಸರು ಕ್ರಿಪ್ಟೊಲೇಮಸ್ ಮಾಂಟ್ರೋಜಿಯೆರಿ. ಲ್ಯಾಬ್‌ನವರು ಚಿಕ್ಕದಾಗಿ 'ಕ್ರಿಪ್ಟೊ' ಅಂತಾರೆ, ನಾವೂ ಹಾಗೇ ಕರೆಯೋಣ. ಗುಲಗಂಜಿ ಹುಳು ಅಂದ ತಕ್ಷಣ ಕೆಂಪು ಬೆನ್ನು, ಕಪ್ಪು ಚುಕ್ಕೆ ಅಂದುಕೊಳ್ಳಬೇಡಿ. ಇದಕ್ಕೆ ಚುಕ್ಕೆನೇ ಇಲ್ಲ. ನಾಲ್ಕು ಮಿಲಿಮೀಟರ್ ಉದ್ದ, ಕಡು ಕಂದು ಬೆನ್ನು, ತಲೆ ಕಡೆ ಮತ್ತು ಬೆನ್ನಿನ ತುದಿಯಲ್ಲಿ ಇಟ್ಟಿಗೆ ಬಣ್ಣ.

ಮೂಲ ಊರು ಆಸ್ಟ್ರೇಲಿಯಾ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಜಾತಿಯ ತೋಟಗಳನ್ನು ಹಿಟ್ಟು ತಿಗಣೆ ಕಾಡುತ್ತಿದ್ದಾಗ, 1890ರ ದಶಕದ ಆರಂಭದಲ್ಲಿ ಆಲ್ಬರ್ಟ್ ಕೋಬೆಲೆ ಅನ್ನೋ ಕೀಟತಜ್ಞ ಇದನ್ನು ಅಲ್ಲಿಗೆ ತಂದರು. ನಮ್ಮ ದೇಶಕ್ಕೆ ಬಂದಿದ್ದು 1898ರಲ್ಲಿ. ಬಂದ ಕಾರಣ ಬೇರೆ, ದಕ್ಷಿಣ ಭಾರತದ ಕಾಫಿಯಲ್ಲಿ ಹಸಿರು ಶಲ್ಕ ಕೀಟ ತಿನ್ನಲಿ ಅಂತ ತಂದರು. ಆ ಕೆಲಸ ಅದರಿಂದ ಆಗಲಿಲ್ಲ. ಆದರೆ ಹುಳು ಸಾಯಲಿಲ್ಲ, ಇಲ್ಲೇ ಬೀಡುಬಿಟ್ಟಿತು. ಎಷ್ಟೋ ದಶಕದ ನಂತರ ನಮ್ಮ ಕಡೆಯೇ ಹಿಟ್ಟು ತಿಗಣೆ ತಿನ್ನುತ್ತಾ ಸಿಕ್ಕಿತು. ಆಮೇಲೆ ಬೆಂಗಳೂರಿನ ವಿಜ್ಞಾನಿಗಳು ಇದನ್ನು ಸಾಕಿ ದ್ರಾಕ್ಷಿ, ಕಾಫಿ, ಸೀಬೆ, ನಿಂಬೆ ತೋಟಗಳಿಗೆ ಬಿಡುವ ವಿಧಾನ ರೂಪಿಸಿದರು.

ಕೆಲಸ ಮಾಡೋದು ದೊಡ್ಡ ಹುಳುಕ್ಕಿಂತ ಅದರ ಮರಿಹುಳು. ಒಂದು ಮರಿಹುಳು ಬೆಳೆದು ಕೋಶ ಆಗೋದರೊಳಗೆ ಹತ್ತಿರಹತ್ತಿರ 900 ತಿಗಣೆ ಮೊಟ್ಟೆ, ಇಲ್ಲವೇ 30ರಷ್ಟು ಬೆಳೆದ ತಿಗಣೆ ತಿನ್ನುತ್ತೆ ಅಂತ ನಮ್ಮಲ್ಲೇ ಲೆಕ್ಕ ಹಾಕಿದ್ದಾರೆ. ಹೆಣ್ಣು ಹುಳು ಮೊಟ್ಟೆ ಇಡೋದು ತಿಗಣೆಯ ಹತ್ತಿಯಂಥ ಮೊಟ್ಟೆ ಚೀಲದ ಒಳಗೆ ಅಥವಾ ಪಕ್ಕದಲ್ಲಿ. ಐದಾರು ದಿನಕ್ಕೆ ಮೊಟ್ಟೆ ಒಡೆಯುತ್ತೆ. ಎರಡು ವಾರ, ಸ್ವಲ್ಪ ಹೆಚ್ಚು ಕಡಿಮೆ, ಮರಿಹುಳುವಾಗಿ ತಿನ್ನುತ್ತೆ. ಒಂದು ವಾರ, ಹತ್ತು ದಿನ ಕೋಶ. ಬೆಚ್ಚಗಿನ ಹವೆಯಲ್ಲಿ ಒಟ್ಟು ಒಂದು ತಿಂಗಳು ಅಂತ ಇಟ್ಟುಕೊಳ್ಳಿ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತೆ.

ಮೊದಲನೇ ಸೋಲು

ನಂದು 20 ಗುಂಟೆ ಪಾಲಿಹೌಸ್, ಸುಮಾರು 6000 ಕ್ಯಾಪ್ಸಿಕಂ ಗಿಡ. ಬ್ಯಾಂಕ್ ಸಾಲ ಇತ್ತು, ಈಗಲೂ ಸ್ವಲ್ಪ ಇದೆ. ಮೊದಲ ಬೆಳೆಗೆ ನಾನು ಪೂರ್ತಿ ಸಾವಯವ ಆಗಿರಲಿಲ್ಲ. ತಿಗಣೆ ಕಂಡಾಗ ಭಯಕ್ಕೆ ಡ್ರಿಪ್‌ನಲ್ಲಿ ಇಮಿಡಾಕ್ಲೋಪ್ರಿಡ್ ಬಿಟ್ಟೆ, ಹತ್ತು ದಿನ ಬಿಟ್ಟು ಪೈರೆಥ್ರಾಯ್ಡ್ ಸಿಂಪಡಿಸಿದೆ. ಮೇಲ್ಮೈಯಲ್ಲಿದ್ದ ತಿಗಣೆ ಸತ್ತವು. ಮೇಣದ ಪದರದ ಕೆಳಗೆ, ಕವಲಿನ ಸಂದಿಯಲ್ಲಿ, ಕಟ್ಟಿದ ದಾರದ ಗಂಟಿನ ಒಳಗೆ ಕೂತಿದ್ದವು ಬದುಕಿದವು. ಮೂರು ವಾರಕ್ಕೆ ಮೊದಲಿಗಿಂತ ಜಾಸ್ತಿ.

ಆಗ ನೆನಪಾಯಿತು ಕ್ರಿಪ್ಟೊ. ತರಿಸಿದೆ. ಪಾರ್ಸೆಲ್ ಬಂದಿದ್ದು ಏಪ್ರಿಲ್‌ನಲ್ಲಿ, ಬೆಳಿಗ್ಗೆ 11ಕ್ಕೆ. ಖುಷಿಯಲ್ಲಿ ನೇರ ಪಾಲಿಹೌಸ್‌ಗೆ ಹೋಗಿ ಡಬ್ಬಿ ಬಿಚ್ಚಿದೆ. ಒಳಗೆ ಆಗ 38 ಡಿಗ್ರಿ. ಹುಳುಗಳು ಗಿಡದ ಕಡೆ ಹೋಗಲೇ ಇಲ್ಲ, ಬೆಳಕಿನ ಕಡೆ ಹಾರಿ ಮೇಲಿನ ಪಾಲಿಥೀನ್‌ಗೆ ಅಂಟಿಕೊಂಡವು. ಒಂದಷ್ಟು ನಾನೇ ನೇತುಹಾಕಿದ್ದ ಹಳದಿ ಅಂಟು ಬಲೆಗೆ ಸಿಕ್ಕಿದವು. ಗಿಡಕ್ಕೆ ಇಳಿದವು ಎರಡು ದಿನದಲ್ಲಿ ಬುಡದಲ್ಲಿ ಬೆನ್ನಡಿಯಾಗಿ ಬಿದ್ದಿದ್ದವು, ಹಳೇ ಔಷಧಿಯ ಶೇಷ. ದುಡ್ಡು ಹೋಯಿತು. ಲ್ಯಾಬ್‌ಗೆ ಫೋನ್ ಮಾಡಿ ಬೈದೆ, ಪಾಪ ಅವರ ತಪ್ಪು ಒಂಚೂರೂ ಇರಲಿಲ್ಲ.

ಅದರಿಂದ ಎರಡು ಮಾತು. ಪೈರೆಥ್ರಾಯ್ಡ್ ಹೊಡೆದ ಮೇಲೆ ಕನಿಷ್ಠ ನಾಲ್ಕು ವಾರ ಹುಳು ಬಿಡಬೇಡಿ. ಬೇರಿನಿಂದ ಹೀರುವ ಇಮಿಡಾಕ್ಲೋಪ್ರಿಡ್ ಥರದ್ದು ಕೊಟ್ಟಿದ್ದರೆ ಇನ್ನೂ ಹೆಚ್ಚು ದಿನ, ಯಾಕಂದರೆ ವಿಷ ಗಿಡದ ರಸದಲ್ಲಿದೆ, ರಸ ಕುಡಿದ ತಿಗಣೆಯಲ್ಲಿದೆ, ಅದನ್ನು ತಿಂದ ಹುಳುವಿಗೂ ಹೋಗುತ್ತೆ. ಬ್ಯುಪ್ರೊಫೆಜಿನ್ ಬಗ್ಗೆ ವಿಶೇಷವಾಗಿ ಎಚ್ಚರ. "ಇದು ಮಿತ್ರಕೀಟಕ್ಕೆ ಸೇಫ್" ಅಂತ ಅಂಗಡಿಯಲ್ಲಿ ಹೇಳ್ತಾರೆ. ದೊಡ್ಡ ಗುಲಗಂಜಿ ಹುಳು ಸಾಯಲ್ಲ ನಿಜ, ಆದರೆ ಮರಿಹುಳು ಪೊರೆ ಬಿಡಲಾಗದೆ ಸಾಯುತ್ತೆ. ಕೆಲಸ ಮಾಡೋದು ಮರಿಹುಳು ಅಂತ ಈಗಷ್ಟೇ ಹೇಳಿದೆನಲ್ಲ.

ಶೇಷ ಇದೆಯೋ ಇಲ್ಲವೋ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಮಾಡಿ. ನಾಲ್ಕೈದು ಜಾಗದಿಂದ ಎಲೆ ಕಿತ್ತು ಗಾಜಿನ ಬಾಟಲಿಗೆ ಹಾಕಿ, ಐದು ಹುಳು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಪಕ್ಕದಲ್ಲಿ ಔಷಧಿ ಕಾಣದ ಗಿಡದ ಎಲೆ ಹಾಕಿ ಇನ್ನೊಂದು ಬಾಟಲಿ. ಒಂದು ದಿನ ಬಿಟ್ಟು ಎರಡನ್ನೂ ನೋಡಿ. ಮೊದಲನೆಯದರಲ್ಲಿ ಮಾತ್ರ ಹುಳು ಸತ್ತಿದ್ದರೆ ಇನ್ನೂ ಕಾಯಬೇಕು ಅಂತ ಅರ್ಥ. ಹತ್ತು ಹುಳು ಹೋದರೂ ಐನೂರು ಉಳಿಯುತ್ತೆ.

ಎರಡನೇ ಸೋಲು, ಇದನ್ನು ಮನೆಯವರಿಗೆಲ್ಲ ಓದಿ ಹೇಳಿ

ಮುಂದಿನ ಬೆಳೆಗೆ ರಾಸಾಯನಿಕ ಪೂರ್ತಿ ಬಿಟ್ಟೆ. ಸಂಜೆ ಹೊತ್ತು ಬಿಟ್ಟೆ. ಅಂಟು ಬಲೆ ತೆಗೆದಿದ್ದೆ. ಹುಳು ಗಿಡದಲ್ಲಿ ನಿಂತವು, ತಿಗಣೆ ಮೇಲೆ ಓಡಾಡೋದು ಕಣ್ಣಾರೆ ನೋಡಿದೆ. ಹತ್ತನೇ ದಿನ ಒಂದು ಮದುವೆಗೆ ಅಂತ ಎರಡು ದಿನ ಊರಿಗೆ ಹೋದೆ. ವಾಪಸ್ ಬಂದಾಗ ಅಮ್ಮ ಬಲು ಖುಷಿಯಲ್ಲಿದ್ದರು. "ತಿಗಣೆ ಇನ್ನೂ ದಪ್ಪ ದಪ್ಪ ಆಗಿದ್ವು ಕಣೋ, ನಾವು ಮೂರು ಜನ ಕೂತು ಎಲ್ಲಾ ಒರೆಸಿ ಹಾಕಿದ್ವಿ" ಅಂದರು. ಬಕೆಟ್‌ನಲ್ಲಿ ಸೋಪು ನೀರು, ಅದರಲ್ಲಿ ತೇಲುತ್ತಿದ್ದವು ನನ್ನ ಕ್ರಿಪ್ಟೊ ಮರಿಗಳು.

ಅವರನ್ನು ಬೈಯೋ ಹಾಗಿರಲಿಲ್ಲ. ನಾನೇ ಹೇಳಿರಲಿಲ್ಲ. ಆ ಬೆಳೆಯಲ್ಲಿ ಕಾಯಿ ಮೇಲೆ ಅಂಟು, ಬೂಷ್ಟು ಇದೆ ಅಂತ ಖರೀದಿದಾರರು ಸುಮಾರು ಬಾಕ್ಸ್ ವಾಪಸ್ ಮಾಡಿದರು, ಆ ಸಲದ ಸಾಲದ ಕಂತಿಗೆ ಅಕ್ಕನ ಹತ್ತಿರ ಕೈ ಚಾಚಬೇಕಾಯಿತು. ಇಷ್ಟು ವಿವರವಾಗಿ ಬರೀತಿರೋದು ನಿಮ್ಮಲ್ಲಿ ನೂರಕ್ಕೆ ಐವತ್ತು ಜನಕ್ಕೆ ಇದೇ ಆಗುತ್ತೆ ಅಂತ ನನಗೆ ಗೊತ್ತಿರೋದರಿಂದ.

ಕ್ರಿಪ್ಟೊ ಮರಿಹುಳು ನೋಡಲು ಹಿಟ್ಟು ತಿಗಣೆ ಥರಾನೇ ಇರುತ್ತೆ. ಮೈಮೇಲೆಲ್ಲ ಬಿಳಿ ಮೇಣದ ಎಳೆ. ತಿಗಣೆ ಕಾಯುವ ಇರುವೆಗಳಿಂದ ತಪ್ಪಿಸಿಕೊಳ್ಳೋಕೂ ಆ ಮೇಣ ನೆರವಾಗುತ್ತೆ. ವ್ಯತ್ಯಾಸ ಹೀಗೆ ಗುರುತಿಸಿ. ಬೆಳೆದ ಮರಿಹುಳು ಒಂದು ಸೆಂಟಿಮೀಟರ್‌ಗಿಂತ ಉದ್ದ ಆಗುತ್ತೆ, ಹಿಟ್ಟು ತಿಗಣೆ ಅದರ ಅರ್ಧವೂ ಇರಲ್ಲ. ಮರಿಹುಳುವಿನ ಎಳೆಗಳು ಉದ್ದ, ಸೊಟ್ಟಪಟ್ಟ, ಕೆದರಿದ ಕೂದಲಿನ ಹಾಗೆ. ತಿಗಣೆಯ ಹಿಟ್ಟು ಒಪ್ಪವಾಗಿ, ಅಂಚಿನಲ್ಲಿ ಚಿಕ್ಕ ಚಿಕ್ಕ ಕಡ್ಡಿ. ನಮ್ಮ ಕಡೆ ಕ್ಯಾಪ್ಸಿಕಂನಲ್ಲಿ ಕಾಣೋ ಹತ್ತಿ ಹಿಟ್ಟು ತಿಗಣೆಯ ಬೆನ್ನ ಮೇಲೆ ಎರಡು ಸಾಲು ಕಪ್ಪು ಗುರುತು ಬೇರೆ ಇರುತ್ತೆ. ಎಲ್ಲಕ್ಕಿಂತ ಸುಲಭದ್ದು: ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಮರಿಹುಳು ಸರಸರ ಓಡುತ್ತೆ. ತಿಗಣೆ ಕದಲೋದೇ ಅಪರೂಪ.

ಮೊಬೈಲ್ ಇರೋದು ಇದಕ್ಕೇ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಹತ್ತು ಸೆಕೆಂಡ್ ವಿಡಿಯೋ ಮಾಡಿದರೆ ಇನ್ನೂ ಚೆನ್ನ, ಓಡೋದು ಗೊತ್ತಾಗುತ್ತೆ. ಆ ವಿಡಿಯೋ ಮನೆಯವರಿಗೆ, ಕೆಲಸಕ್ಕೆ ಬರೋರಿಗೆ ಎಲ್ಲರಿಗೂ ತೋರಿಸಿ. ಹುಳು ಬಿಟ್ಟ ಗಿಡಕ್ಕೆ ಕೆಂಪು ರಿಬ್ಬನ್ ಕಟ್ಟಿ, "ಕೆಂಪು ಕಂಡ ಕಡೆ ಕೈ ಇಡಬೇಡಿ" ಅಂದುಬಿಡಿ. ನಮ್ಮಲ್ಲಿ ಈಗ ಅದೇ ಕಾನೂನು.

ಮೂರನೇ ಸಲ ಮಾಡಿದ್ದು

ಹುಳು ತರಿಸೋಕೆ ಮುಂಚೆ ಎರಡು ವಾರ ತಯಾರಿ ಮಾಡಿದೆ. ಮೊದಲು ಇರುವೆ. ಹಿಟ್ಟು ತಿಗಣೆ ಇರೋ ಕಡೆ ಇರುವೆ ಸಾಲು ಇದ್ದೇ ಇರುತ್ತೆ. ತಿಗಣೆ ಬಿಡುವ ಸಿಹಿ ಅಂಟು ಇರುವೆಗೆ ಊಟ. ಅದಕ್ಕೆ ಬದಲಾಗಿ ಇರುವೆ ತಿಗಣೆಗೆ ಕಾವಲು ಕಾಯುತ್ತೆ, ಗುಲಗಂಜಿ ಹುಳು ಬಂದರೆ ಕಚ್ಚಿ ಓಡಿಸುತ್ತೆ. ಇರುವೆ ಹಾಗೇ ಬಿಟ್ಟು ಹುಳು ಬಿಟ್ಟರೆ ಅರ್ಧ ದುಡ್ಡು ಇರುವೆಗೆ ಕೊಟ್ಟ ಹಾಗೆ. ಸಾಲು ಹಿಡಿದು ಹೋಗಿ ಗೂಡು ಹುಡುಕಿ, ಕುದಿಯೋ ನೀರು ಹಾಕಿದೆವು. ಬೇರಿನಿಂದ ದೂರ ಇರೋ ಗೂಡಿಗೆ ಮಾತ್ರ ಇದು. ಪಾಲಿಹೌಸ್ ಕಂಬಗಳಿಗೆ, ಗಿಡ ಎತ್ತಿಕಟ್ಟೋ ತಂತಿಯ ತುದಿಗಳಿಗೆ ಅಂಟು ಗ್ರೀಸ್ ಪಟ್ಟಿ ಸುತ್ತಿದೆವು.

ಎರಡನೆಯದು ಕಳೆ. ಪಾಲಿಹೌಸ್ ಸುತ್ತ ಕಾಂಗ್ರೆಸ್ ಗಿಡ ಇದೆಯಾ ನೋಡಿ. ಹತ್ತಿ ಹಿಟ್ಟು ತಿಗಣೆಗೆ ಅದು ತವರುಮನೆ, ದಾಸವಾಳವೂ ಅಷ್ಟೇ. ಬಾಗಿಲ ಪಕ್ಕ ಅಂದಕ್ಕೆ ಅಂತ ನಾನೇ ನೆಟ್ಟಿದ್ದ ದಾಸವಾಳದಿಂದ ಒಳಗೆ ಬಂದಿತ್ತು ಅಂತ ಮೂರನೇ ವರ್ಷ ಗೊತ್ತಾಯಿತು.

ಮೂರನೆಯದು, ವಿಪರೀತ ತಿಗಣೆ ಹತ್ತಿದ ಕೊಂಬೆಗಳನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಹೊರಗೆ ತಂದು ಸುಟ್ಟೆವು. ಇಲ್ಲಿ ಒಂದು ಸೂಕ್ಷ್ಮ ಇದೆ. ಕೆಲವು ತಿಗಣೆ ಕಂದು ಬಣ್ಣಕ್ಕೆ ತಿರುಗಿ ಪೀಪಾಯಿ ಥರ ಗಟ್ಟಿಯಾಗಿರುತ್ತೆ. ಅದು ಸತ್ತ ತಿಗಣೆ, ಒಳಗೆ ಏನೇಸಿಯಸ್ ಅನ್ನೋ ಸಣ್ಣ ಕಣಜದ ಮರಿ ಬೆಳೀತಾ ಇರುತ್ತೆ. ಅಂಥವು ಜಾಸ್ತಿ ಕಂಡರೆ ಆ ಕೊಂಬೆ ಸುಡಬೇಡಿ, ನಿಮಗೆ ಪುಕ್ಕಟೆ ಕೂಲಿಯವರು ಸಿಕ್ಕಿದ್ದಾರೆ.

ಇನ್ನು ಎಷ್ಟು ಹುಳು? ಎಕರೆ ಲೆಕ್ಕದಲ್ಲಿ ಎಲ್ಲಾ ಕಡೆ ಚೆಲ್ಲಬೇಡಿ. ಒಂದು ಸಂಜೆ ಸಾಲು ಸಾಲು ನಡೆದು ತಿಗಣೆ ಇರೋ ಗಿಡಕ್ಕೆ ಮಾತ್ರ ರಿಬ್ಬನ್ ಕಟ್ಟಿ, ಎಣಿಸಿ. ನಂಗೆ 90 ಗಿಡ ಬಂತು. ಗಿಡಕ್ಕೆ ಆರು ಹುಳುವಿನಂತೆ 540, ಒಟ್ಟು 600 ತರಿಸಿದೆ. ತಿಗಣೆ ಜಾಸ್ತಿ ಇರೋ ಗಿಡಕ್ಕೆ ಹತ್ತು, ಕಡಿಮೆ ಇದ್ದರೆ ಐದು, ಹೀಗೆ ಹಂಚಿ.

ಪಾರ್ಸೆಲ್ ಬಂದ ತಕ್ಷಣ ಡಬ್ಬಿ ನೆರಳಲ್ಲಿಟ್ಟು ಎಷ್ಟು ಜೀವ ಇವೆ ನೋಡಿ. ಫ್ರಿಡ್ಜ್‌ಗೆ ಇಡಬೇಡಿ. ಜೇನುತುಪ್ಪಕ್ಕೆ ಸ್ವಲ್ಪ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಬಲೆಯ ಮೇಲಿಡಿ, ಪ್ರಯಾಣ ಮಾಡಿ ಬಂದಿವೆ, ಕುಡೀತವೆ. ಸಂಜೆ ಐದೂವರೆ ಆದ ಮೇಲೆ, ಪರದೆ ಪಕ್ಕದ ಗಾಳಿ ಇಳಿದ ಮೇಲೆ ಬಿಡಿ. ನಾನು ಇನ್ನೊಂದು ಕೆಲಸ ಮಾಡಿದೆ: ಹಳೇ ಸೊಳ್ಳೆ ಪರದೆ ಕತ್ತರಿಸಿ ಅಮ್ಮ ಹೊಲಿದುಕೊಟ್ಟ ಚೀಲಗಳನ್ನು ತಿಗಣೆ ಹತ್ತಿದ ಕೊಂಬೆಗೆ ತೊಡಿಸಿ, ಒಳಗೆ ಹುಳು ಬಿಟ್ಟು, ಬಾಯಿ ಕಟ್ಟಿದೆ. ಮೂರು ದಿನ ಹಾಗೇ. ಅಷ್ಟರಲ್ಲಿ ಹೆಣ್ಣು ಹುಳುಗಳು ಅಲ್ಲೇ ಮೊಟ್ಟೆ ಇಡೋಕೆ ಶುರು ಮಾಡುತ್ತವೆ. ಆಮೇಲೆ ಚೀಲ ಬಿಚ್ಚಿದರೆ ದೊಡ್ಡ ಹುಳು ಹಾರಿಹೋದರೂ ಮರಿ ಅಲ್ಲೇ ಹುಟ್ಟುತ್ತೆ. ಎಲ್ಲ ಗಿಡಕ್ಕೂ ಬೇಡ, 25 ಚೀಲ ಸಾಕಾಯಿತು.

ಹವೆ ನೋಡಿಕೊಳ್ಳಿ. 22ರಿಂದ 28 ಡಿಗ್ರಿ ಇದಕ್ಕೆ ಹಿತ. 33 ದಾಟಿದರೆ ಹುಡುಕೋದು ಬಿಟ್ಟು ಮೇಲೆ ಹೋಗಿ ಕೂರುತ್ತೆ, 16ರ ಕೆಳಗೆ ಮುದುಡಿಕೊಳ್ಳುತ್ತೆ. ನಮ್ಮ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಜೂನ್‌ನಿಂದ ನವೆಂಬರ್ ಒಳ್ಳೆ ಕಾಲ. ಬೇಸಿಗೆಯಲ್ಲಿ ಬಿಡಲೇಬೇಕಾದರೆ ನೆರಳು ಪರದೆ ಎಳೆದು, ಮಧ್ಯಾಹ್ನ ಎರಡು ಮೂರು ಸಲ ಫಾಗರ್ ಹಾಕಿ.

ಆಮೇಲೆ ಕಾಯೋದು. ಇದೇ ಕಷ್ಟದ ಕೆಲಸ. ಒಂದು ವಾರ ಏನೂ ಕಾಣಲ್ಲ. ಹತ್ತನೇ ದಿನಕ್ಕೆ ಸಣ್ಣ ಬಿಳಿ ಮರಿ. ಮೂರನೇ ವಾರ ಗಿಡದ ಮೇಲೆ ಬಿಳಿ ಇನ್ನೂ ಜಾಸ್ತಿ ಆದ ಹಾಗೆ ಕಾಣುತ್ತೆ, ಯಾಕಂದರೆ ಮರಿಹುಳುಗಳು ದಪ್ಪ ಆಗಿರ್ತವೆ. ಆಗ ಎದೆ ಧಸಕ್ ಅನ್ನುತ್ತೆ, ಪಂಪ್ ಕಡೆ ಕೈ ಹೋಗುತ್ತೆ. ನಾನು ಪಂಪನ್ನು ಚಿಕ್ಕಪ್ಪನ ಮನೆಯಲ್ಲಿ ಇಟ್ಟು ಬಂದಿದ್ದೆ. ಮೂರನೇ ವಾರದಲ್ಲೇ 200 ಹುಳು ಇನ್ನೊಂದು ಕಂತು ಬಿಟ್ಟೆ, ಮೊದಲ ಮರಿಗಳು ಕೋಶಕ್ಕೆ ಹೋಗಿರುವಾಗ ತಿನ್ನೋರಿಲ್ಲದ ಅಂತರ ಬೀಳಬಾರದು ಅಂತ. ಐದನೇ ವಾರಕ್ಕೆ 90 ರಿಬ್ಬನ್‌ನಲ್ಲಿ 60 ಬಿಚ್ಚಿದೆ. ಎರಡು ತಿಂಗಳಿಗೆ ಉಳಿದಿದ್ದು ಏಳು. ಪೂರ್ತಿ ಸೊನ್ನೆ ಆಗಲಿಲ್ಲ, ಆಗೋದೂ ಇಲ್ಲ. ಕಾಯಿಗೆ ಅಂಟು ಇಲ್ಲದಿದ್ದರೆ ನನಗೆ ಸಾಕು. ಆ ಬೆಳೆಯಲ್ಲಿ ತಿಗಣೆ ಕಾರಣಕ್ಕೆ ಒಂದು ಬಾಕ್ಸೂ ವಾಪಸ್ ಬರಲಿಲ್ಲ.

ಇದರಿಂದ ಆಗದೇ ಇರೋದು

ಕ್ರಿಪ್ಟೊ ಮುಂಜಾಗ್ರತೆಗೆ ಅಲ್ಲ. ತಿಗಣೆ ಇಲ್ಲದ ಪಾಲಿಹೌಸ್‌ಗೆ ಬಿಟ್ಟರೆ ಹಸಿವಿಗೆ ಹಾರಿಹೋಗುತ್ತೆ. ಥ್ರಿಪ್ಸ್‌ಗೂ ಮೈಟ್ ನುಸಿಗೂ ಇದು ಮದ್ದಲ್ಲ, ಕ್ಯಾಪ್ಸಿಕಂನಲ್ಲಿ ಅವೇ ದೊಡ್ಡ ತಲೆನೋವು ಅಂತ ನಿಮಗೂ ಗೊತ್ತು. ಅವಕ್ಕೆ ಬೇವಿನೆಣ್ಣೆ ಹೊಡೆಯುವಾಗ ರಿಬ್ಬನ್ ಕಟ್ಟಿದ ಗಿಡ ಬಿಟ್ಟು ಹೊಡೀತೀನಿ. ಬೇವು ಸೌಮ್ಯವೇ, ಆದರೂ ಎಣ್ಣೆ ನೇರ ಮೈಮೇಲೆ ಬಿದ್ದರೆ ಎಳೆ ಮರಿ ತಡೆಯಲ್ಲ.

ಸಸ್ಯಹೇನಿಗೆ ನಮ್ಮದೇ ಕೆಂಪು ಗುಲಗಂಜಿ ಹುಳುಗಳಿವೆ, ಕೊಂಡು ತರೋ ಅಗತ್ಯ ಇಲ್ಲ. ಪಾಲಿಹೌಸ್ ಬಾಗಿಲ ಹತ್ತಿರ ಒಂದೆರಡು ಸಾಲು ಜೋಳ ಹಾಕಿ. ಜೋಳದ ಹೇನು ಕ್ಯಾಪ್ಸಿಕಂಗೆ ಬರಲ್ಲ, ಅದನ್ನು ತಿನ್ನೋಕೆ ಬರೋ ಗುಲಗಂಜಿ ಹುಳುಗಳನ್ನು ಮಾತ್ರ ಬೆಳಿಗ್ಗೆ ಹಿಡಿದು ಒಳಗೆ ಬಿಡಬಹುದು. ಆದರೆ ಹೇನು ಹರಡುವ ನಂಜುರೋಗವನ್ನು ಹುಳು ನಿಲ್ಲಿಸುತ್ತೆ ಅಂದುಕೊಳ್ಳಬೇಡಿ. ಹೇನು ಚುಚ್ಚಿದ ಕೆಲವೇ ನಿಮಿಷಕ್ಕೆ ನಂಜು ಗಿಡಕ್ಕೆ ಹೋಗಿರುತ್ತೆ, ಹುಳು ಬಂದು ತಿನ್ನೋದು ಆಮೇಲೆ. ಅದಕ್ಕೆ ಪರದೆ ತೂತು ಮುಚ್ಚೋದೇ ದಾರಿ.

ಚುಕ್ಕೆ ಇರೋದೆಲ್ಲ ಮಿತ್ರ ಅಲ್ಲ, ಇದನ್ನೂ ನೋಡಿಕೊಳ್ಳಿ. ಬದನೆಯಲ್ಲಿ ಎಲೆಯನ್ನು ಜಾಲರಿ ಮಾಡೋ 28 ಚುಕ್ಕೆಯ ಹುಳುವೂ ಇದೇ ಕುಟುಂಬದ್ದು. ಅದರ ಬೆನ್ನು ಮಂಕಾಗಿ ಸಣ್ಣ ರೋಮದಿಂದ ತುಂಬಿರುತ್ತೆ, ಮಿತ್ರ ಹುಳುವಿನ ಬೆನ್ನು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಅದರ ಮರಿ ಹಳದಿ, ಮೈಯೆಲ್ಲ ಕವಲೊಡೆದ ಮುಳ್ಳು. ಅದನ್ನು ತಂದು ಕ್ಯಾಪ್ಸಿಕಂಗೆ ಬಿಟ್ಟೀರಿ ಹುಷಾರು.

ತಿಗಣೆ ಯಾವ ಜಾತಿ ಅಂತ ತಿಳಿಯದೆ ಹುಳು ತರಿಸಬೇಡಿ. ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ, ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಎಲ್ಲಾ ಹಾಳು ಮಾಡಿತಲ್ಲ, ಅದನ್ನು ಕೊನೆಗೆ ಹಿಡಿತಕ್ಕೆ ತಂದಿದ್ದು ಗುಲಗಂಜಿ ಹುಳು ಅಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಅಸೆರೊಫೇಗಸ್ ಪಪಾಯೇ ಅನ್ನೋ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ. ಅದನ್ನು ತರಿಸಿ, ಸಾಕಿ, ಹಂಚಿದ್ದು ಬೆಂಗಳೂರಿನ ಹೆಬ್ಬಾಳದ ಕೀಟ ಸಂಪನ್ಮೂಲ ಸಂಸ್ಥೆ, ಈಗ ಎನ್‌ಬಿಎಐಆರ್ ಅಂತಾರೆ. ತಿಗಣೆ ಇರೋ ಕೊಂಬೆ ತುಂಡನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಅಲ್ಲಿ ಗುರುತಿಸಿ ಹೇಳ್ತಾರೆ. ಹುಳು ಬೇಕಾದರೆ ಎನ್‌ಬಿಎಐಆರ್, ಹೆಸರಘಟ್ಟದ ಐಐಎಚ್‌ಆರ್, ಖಾಸಗಿ ಜೈವಿಕ ಲ್ಯಾಬ್‌ಗಳನ್ನು ಕೇಳಿ. ಮೂರು ನಾಲ್ಕು ವಾರ ಮುಂಚೆಯೇ ಕೇಳಬೇಕು, ಔಷಧಿ ಬಾಟಲಿ ಥರ ಶೆಲ್ಫ್ ಮೇಲೆ ಇರೋ ವಸ್ತು ಅಲ್ಲ ಇದು.

ಮನೆಯಲ್ಲೇ ಸಾಕೋಕೆ ಆಗಲ್ವಾ ಅಂತ ಕೇಳೋರಿಗೆ: ಆಗುತ್ತೆ. ಚೆನ್ನಾಗಿ ಬಲಿತ, ಗಾಯ ಇಲ್ಲದ ಸಿಹಿಗುಂಬಳ ತೊಳೆದು ಒರೆಸಿ, ತೊಟ್ಟಿನ ಗಾಯಕ್ಕೆ ಮೇಣ ಹಚ್ಚಿ, ಮೇಲೆ ಹಿಟ್ಟು ತಿಗಣೆ ಮರಿ ಹತ್ತಿಸಬೇಕು. ಎರಡು ವಾರಕ್ಕೆ ಕುಂಬಳ ಬೆಳ್ಳಗಾಗುತ್ತೆ, ಆಗ ಬಲೆ ಪೆಟ್ಟಿಗೆಯೊಳಗೆ ಹುಳು ಬಿಡೋದು, ಒಂದು ತಿಂಗಳಿಗೆ ಹೊಸ ಹುಳು. ಆದರೆ ಒಂದು ಷರತ್ತು, ಈ ಕುಂಬಳ ಪಾಲಿಹೌಸ್‌ನಿಂದ ದೂರ ಇರಬೇಕು, ಅದನ್ನು ಮುಟ್ಟಿದ ಬಟ್ಟೆಯಲ್ಲಿ ಪಾಲಿಹೌಸ್ ಒಳಗೆ ಹೋಗಬಾರದು. ನಮ್ಮದು ಮನೆ ಹಿಂದಿನ ಹಳೇ ದನದ ಕೊಟ್ಟಿಗೆಯಲ್ಲಿದೆ. ಈಗ ಅಲ್ಲಿ ಎಂಟು ಕುಂಬಳ ಇದೆ, ನೋಡಿಕೊಳ್ಳೋದು ಅಮ್ಮನೇ. ನನಗೆ ಒಳಗೆ ಹೋಗೋಕೂ ಬಿಡಲ್ಲ, "ನೀನು ಪಾಲಿಹೌಸ್‌ನಿಂದ ಬಂದಿದೀಯ, ಮೊದಲು ಕೈಕಾಲು ತೊಳ್ಕೊಂಡು ಬಾ" ಅಂತಾರೆ.